ಹೊಟ್ಟೆನೋವು ಮತ್ತು ಹಾಸಿಗೆ ಪಕ್ಕದ ಸ್ಕ್ಯಾನಿಂಗ್: ಕುಟುಂಬಗಳ ತಿಳಿವಳಿಕೆಗಾಗಿ



ವಿದ್ಯಾರ್ಥಿವೇತನದ ಪ್ರಕಟಣೆಯ ಜೊತೆಗೆ ಆರೋಗ್ಯದ ಒಂದು ವಿಷಯವನ್ನೂ ತಿಳಿಸಬೇಕೆಂದು ಈ ಲೇಖನ ಬರೆದಿದ್ದೇವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ನಮ್ಮ ಮನೆಗಳಲ್ಲಿ ಹೊಟ್ಟೆ ನೊಂದರೆ ಮೊದಲು ನೆನಪಾಗುವುದು ಸೋಡಾ, ಔಡಲೆಣ್ಣೆ. ಆಸ್ಪತ್ರೆ ನೆನಪಾಗುವುದು ಮರುದಿನ. ಕರುಳು ಕಟ್ಟಿಕೊಂಡಾಗ ಆ ಒಂದು ದಿನವೇ ಜೀವಕ್ಕೆ ಎರವಾಗಬಹುದು.

ಸಣ್ಣ ಕರುಳು ಸುಮಾರು 6 ಮೀಟರ್ ಉದ್ದದ ಕೊಳವೆ. ಅದು ಎಲ್ಲಿಯಾದರೂ ಮುಚ್ಚಿಕೊಂಡರೆ ಉಂಡದ್ದು ಮುಂದೆ ಸಾಗುವುದಿಲ್ಲ. ಹೊಟ್ಟೆ ಬಿಟ್ಟುಬಿಟ್ಟು ನುಲಿಯುತ್ತದೆ, ಉಬ್ಬುತ್ತದೆ. ಹಸಿರು ವಾಂತಿಯಾಗಬಹುದು. ಮಲವೂ ಗಾಳಿಯೂ ಹೋಗುವುದು ನಿಲ್ಲುತ್ತದೆ. ಹಿಂದೆ ಹೊಟ್ಟೆಯ ಆಪರೇಷನ್ ಆದವರಲ್ಲಿ ಕರುಳುಗಳು ಒಂದಕ್ಕೊಂದು ಅಂಟಿಕೊಳ್ಳುವುದು ಮುಖ್ಯ ಕಾರಣ. ಹರ್ನಿಯಾ, ಕರುಳಿನ ಕ್ಷಯ, ಗಡ್ಡೆಗಳಿಂದಲೂ ಹೀಗಾಗುತ್ತದೆ. ಕರುಳಿಗೆ ರಕ್ತ ನಿಂತರೆ ಅದು ಕೊಳೆಯಲು ಕೆಲವೇ ಗಂಟೆ ಸಾಕು.

ಸ್ಕ್ಯಾನಿಂಗ್ ಬಸುರಿಯರಿಗೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಶಾಲೆಯಲ್ಲಿ ಪ್ರತಿಧ್ವನಿಯ ಪಾಠಕ್ಕೆ ನಾವು ವಿಜಯಪುರದ ಗೋಳಗುಮ್ಮಟದ ಉದಾಹರಣೆ ಕೊಡುತ್ತಿದ್ದೆವು. ಈ ಯಂತ್ರದ ಕೆಲಸವೂ ಅದೇ: ಕಿವಿಗೆ ಕೇಳದ ಶಬ್ದವನ್ನು ಒಳಗೆ ಕಳಿಸಿ, ಮರಳಿ ಬಂದದ್ದನ್ನು ಚಿತ್ರವಾಗಿ ತೋರಿಸುತ್ತದೆ. ಎಕ್ಸ್‌ರೇಯಂಥ ವಿಕಿರಣ ಇದರಲ್ಲಿಲ್ಲ. ತುರ್ತು ವಿಭಾಗದಲ್ಲಿ ಯಂತ್ರವಿದ್ದರೆ, ರೋಗಿಯನ್ನು ಹಾಸಿಗೆಯಿಂದ ಎಬ್ಬಿಸದೆ, ತರಬೇತಾದ ವೈದ್ಯರು ಕೆಲವೇ ನಿಮಿಷಗಳಲ್ಲಿ ನೋಡಬಲ್ಲರು. ಸಣ್ಣ ಕರುಳು 2.5 ಸೆಂಟಿಮೀಟರಿಗಿಂತ ಹೆಚ್ಚು ಹಿಗ್ಗಿದೆಯೇ, ಒಳಗಿನ ದ್ರವ ಮುಂದೆ ಸಾಗದೆ ಹಿಂದೆ ಮುಂದೆ ತೂಗಾಡುತ್ತಿದೆಯೇ, ಕರುಳಿನ ಹೊರಗೆ ನೀರು ನಿಂತಿದೆಯೇ ಎಂಬುದು ಕಾಣುತ್ತದೆ. ಆದರೆ ಹೊಟ್ಟೆಯ ಗಾಳಿ ಚಿತ್ರಕ್ಕೆ ಅಡ್ಡ ಬರುತ್ತದೆ. ಎಲ್ಲಿ, ಏಕೆ ಕಟ್ಟಿದೆ ಎಂಬುದು ಎಲ್ಲ ಸಲವೂ ತಿಳಿಯದು. ಆದ್ದರಿಂದ ವೈದ್ಯರು ಸಿಟಿ ಸ್ಕ್ಯಾನ್ ಬೇಕೆಂದರೆ ತಡಮಾಡಬಾರದು.

‘ಟ್ರಸ್ಟಿನಿಂದಲೇ ಸಣ್ಣ ಯಂತ್ರ ಕೊಂಡು ಮನೆಮನೆಗೆ ಒಯ್ಯಬಾರದೇ?’ ಎಂದು ದಾನಿಗಳು ಕೇಳಬಹುದು. ಆಗದು. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯ್ದೆಯಂತೆ ಯಂತ್ರವೂ ಅದನ್ನಿಡುವ ಸ್ಥಳವೂ ನೋಂದಣಿಯಾಗಿರಬೇಕು, ಬಳಸುವವರು ಅರ್ಹ ವೈದ್ಯರೇ ಆಗಿರಬೇಕು. ಹೆಣ್ಣುಮಕ್ಕಳ ರಕ್ಷಣೆಗೆಂದು ಮಾಡಿದ ನಿಯಮವಿದು, ಗೌರವಿಸೋಣ. ಯಂತ್ರದ ಬಳಿಗೆ ರೋಗಿಯನ್ನು ಬೇಗ ಮುಟ್ಟಿಸುವುದು ನಮ್ಮ ಕೈಯಲ್ಲಿದೆ.

ಪಾಲಕರು ಇಷ್ಟನ್ನು ನೆನಪಿಡಬೇಕು:

1. ನುಲಿಯುವ ನೋವು, ವಾಂತಿ, ಹೊಟ್ಟೆಯುಬ್ಬರ ಇದ್ದು ಗಾಳಿಯೂ ಹೋಗದಿದ್ದರೆ ಔಡಲೆಣ್ಣೆ, ಜುಲಾಬಿನ ಗುಳಿಗೆ ಕೊಡಬೇಡಿ, ಹೊಟ್ಟೆ ತಿಕ್ಕಬೇಡಿ.
2. ಊಟ ಕೊಡದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.
3. ಸಿಜೇರಿಯನ್, ಅಪೆಂಡಿಕ್ಸ್ ಮುಂತಾದ ಹಳೆಯ ಆಪರೇಷನ್ ಎಷ್ಟೇ ವರ್ಷ ಹಿಂದಿನದಾಗಿರಲಿ, ವೈದ್ಯರಿಗೆ ಹೇಳಿ.
4. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ.

ಆಪರೇಷನ್ ಭಯದಿಂದ ಹಿಂಜರಿಯಬೇಡಿ. ಕರುಳು ಅಂಟಿಕೊಂಡ ಅನೇಕರಿಗೆ ಸಲೈನ್ ಹಾಗೂ ಮೂಗಿನ ನಳಿಕೆಯಿಂದಲೇ ಗುಣವಾಗುತ್ತದೆ.

ಯಂತ್ರವನ್ನು ಹಣದಿಂದ ಕೊಳ್ಳಬಹುದು. ಅದನ್ನು ಓದಬಲ್ಲ ವೈದ್ಯರು, ರಾತ್ರಿಯಿಡೀ ರೋಗಿಯನ್ನು ನೋಡಿಕೊಳ್ಳುವ ದಾದಿಯರು ಓದಿಯೇ ಬರಬೇಕು. ವೈದ್ಯಕೀಯ, ನರ್ಸಿಂಗ್, ಪ್ಯಾರಾಮೆಡಿಕಲ್ ಓದಲು ಬಯಸುವ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಅರ್ಜಿ ಹಾಕಲು ಹಿಂದೇಟು ಹಾಕದಿರಲಿ. ದಾನಿಗಳು ಕೊಟ್ಟ ಹಣ ಅವರ ಕೈಯಲ್ಲಿ ಒಂದು ಜೀವ ಉಳಿಸೀತು.