ಚಿಂತೆಯ ದಿನಗಳಲ್ಲಿ ಕ್ರಿಸ್ತನ ಶಾಂತಿ

ಇಂದು ಯಾರನ್ನು ಮಾತನಾಡಿಸಿದರೂ ಒಂದಲ್ಲ ಒಂದು ಚಿಂತೆ. ಗಲ್ಫಿನಲ್ಲಿರುವ ಮಗನ ಕೆಲಸ, ಸೊಸೈಟಿ ಸಾಲದ ಕಂತು, ಮಗಳ ಪರೀಕ್ಷೆ, ಆಸ್ಪತ್ರೆಯಿಂದ ಬರಬೇಕಾದ ರಿಪೋರ್ಟು. ರಾತ್ರಿ ನಿದ್ರೆ ಬಾರದೆ ಹೊರಳಾಡುವವರು ಪ್ರತಿಯೊಂದು ವಾಳೆಯಲ್ಲೂ ಇದ್ದಾರೆ. "ಪ್ರಾರ್ಥನೆ ಮಾಡಿದರೂ ಮನಸ್ಸಿಗೆ ಸಮಾಧಾನವಿಲ್ಲ, ಫಾದರ್" ಎಂಬ ಮಾತನ್ನು ಧರ್ಮಗುರುಗಳು ಮತ್ತೆ ಮತ್ತೆ ಕೇಳುತ್ತಾರೆ. ಹಾಗಾದರೆ ವಿಶ್ವಾಸದಿಂದ ದೊರೆಯುವ ಶಾಂತಿ ಎಂಥದ್ದು?

ಸಂತ ಪೌಲರು ಫಿಲಿಪ್ಪಿಯರಿಗೆ ಪತ್ರ ಬರೆದದ್ದು ಸೆರೆಯಲ್ಲಿದ್ದಾಗ. ಮುಂದೆ ಬದುಕೋ ಮರಣವೋ ಎಂಬುದು ಅವರ ಕೈಯಲ್ಲಿರಲಿಲ್ಲ. ಆದರೂ ಚಿಂತೆಯನ್ನು ಬಿಟ್ಟು, ಬೇಕಾದುದನ್ನು ಕೃತಜ್ಞತೆಯೊಂದಿಗೆ ದೇವರಲ್ಲಿ ಕೇಳಿಕೊಳ್ಳಿರೆಂದು ಅವರು ಬೋಧಿಸುತ್ತಾರೆ (4:6-7). ಕೇಳಿದ್ದೆಲ್ಲ ಸಿಗುತ್ತದೆ ಎಂಬ ಭರವಸೆಯನ್ನು ಅವರು ಅಲ್ಲಿ ಕೊಡುವುದಿಲ್ಲ. ದೇವರ ಶಾಂತಿ ನಮ್ಮ ಹೃದಯಕ್ಕೆ ಕಾವಲಾಗಿರುತ್ತದೆ ಎನ್ನುತ್ತಾರೆ. ಎಲ್ಲ ಸ್ಥಿತಿಯಲ್ಲೂ ತೃಪ್ತನಾಗಿರುವುದನ್ನು ತಾನು ಕಲಿತುಕೊಂಡೆ ಎಂದೂ ಹೇಳುತ್ತಾರೆ (4:11). ಅಂದರೆ ಶಾಂತಿಯು ವರವೂ ಹೌದು, ಕಲಿಯಬೇಕಾದ ಪಾಠವೂ ಹೌದು.

ನಮ್ಮ ಕಾಲದಲ್ಲಿ ಈ ಪಾಠ ಕಲಿತವರು ವಿಯೆಟ್ನಾಮಿನ ಕಾರ್ಡಿನಲ್ ಫ್ರಾನ್ಸಿಸ್ ಕ್ಸೇವಿಯರ್ ನ್ಗುಯೆನ್ ವಾನ್ ಥುವಾನ್. 1975ರ ಏಪ್ರಿಲ್‌ನಲ್ಲಿ ಸೈಗಾನ್‌ನ ಸಹ-ಮಹಾಧರ್ಮಾಧ್ಯಕ್ಷರಾಗಿ ನೇಮಕಗೊಂಡ ಅವರನ್ನು ಅದೇ ವರ್ಷ ಆಗಸ್ಟ್ 15ರಂದು ಕಮ್ಯುನಿಸ್ಟ್ ಸರಕಾರ ಬಂಧಿಸಿತು. 13 ವರ್ಷಗಳ ಸೆರೆವಾಸದಲ್ಲಿ 9 ವರ್ಷ ಏಕಾಂತ ಸೆರೆ. ತಮ್ಮ ಜನರನ್ನೂ ಅರ್ಧಕ್ಕೆ ನಿಂತ ಸೇವೆಗಳನ್ನೂ ನೆನೆದು ಅವರು ತೀವ್ರವಾಗಿ ನೊಂದರು. ಆಗ ಅವರಿಗೆ ಒಂದು ಸತ್ಯ ಹೊಳೆಯಿತು: ದೇವರು ಬೇರೆ, ದೇವರ ಕೆಲಸಗಳು ಬೇರೆ, ಕೆಲಸಗಳನ್ನು ದೇವರು ಬೇರೆಯವರ ಕೈಗೆ ಒಪ್ಪಿಸಬಲ್ಲರು, ತಾನು ಆರಿಸಿಕೊಳ್ಳಬೇಕಾದದ್ದು ದೇವರನ್ನೇ.

ಹೊಟ್ಟೆನೋವಿನ ಔಷಧಿ ಎಂದು ಹೆಸರು ಬರೆದು ವಿಶ್ವಾಸಿಗಳು ಕಳುಹಿಸಿದ ದ್ರಾಕ್ಷಾರಸದ ಮೂರು ಹನಿ, ಒಂದು ಹನಿ ನೀರು - ಇಷ್ಟನ್ನು ಅಂಗೈಯಲ್ಲಿ ಹಿಡಿದು ಅವರು ಬಲಿಪೂಜೆ ಅರ್ಪಿಸುತ್ತಿದ್ದರು. ಕಾವಲುಗಾರರಿಗೂ ಅವರು ಸ್ನೇಹಿತರಾದರು. 1988ರಲ್ಲಿ ಬಿಡುಗಡೆಯಾಗಿ, 2001ರಲ್ಲಿ ಕಾರ್ಡಿನಲ್ ಆಗಿ, 2002ರಲ್ಲಿ ದೈವಾಧೀನರಾದರು. ಧರ್ಮಸಭೆಯು 2017ರಲ್ಲಿ ಅವರನ್ನು 'ಪೂಜ್ಯ'ರೆಂದು ಘೋಷಿಸಿತು.

ಇದರಿಂದ ನಾವು ಕಲಿಯಬಹುದಾದದ್ದೇನು?

1. ಚಿಂತೆಗಳನ್ನು ಒಂದೊಂದಾಗಿ ಹೆಸರಿಸಿ ದೇವರ ಮುಂದಿಡೋಣ. ಪ್ರತಿಯೊಂದರ ಜೊತೆಗೆ ಆ ದಿನ ದೊರೆತ ಒಂದು ಒಳಿತಿಗಾಗಿ ಕೃತಜ್ಞತೆ ಸಲ್ಲಿಸೋಣ.

2. ಇಂದು ನಾನು ಮಾಡಬೇಕಾದದ್ದು ಯಾವುದು, ನನ್ನ ಕೈಯಲ್ಲಿಲ್ಲದ್ದು ಯಾವುದು ಎಂದು ವಿಂಗಡಿಸೋಣ. ನಾಳೆಯ ಹೊರೆಯನ್ನು ಇಂದೇ ಹೊರಬೇಡಿರೆಂದು ಪ್ರಭು ಬೋಧಿಸಿದ್ದಾರೆ (ಮತ್ತಾಯ 6:34). ಗುರ್ಕಾರರಿಗೂ, ಧರ್ಮಕೇಂದ್ರದ ಸೇವಕರಿಗೂ ಇದು ಅನ್ವಯಿಸುತ್ತದೆ. ನಾವು ದೇವರ ಕೆಲಸಗಾರರು, ಯಜಮಾನರಲ್ಲ.

3. ಬಲಿಪೂಜೆಯಲ್ಲಿ ಪ್ರಭು ಕಲಿಸಿದ ಪ್ರಾರ್ಥನೆಯ ಬಳಿಕ ಗುರುಗಳು ಶಾಂತಿಗಾಗಿ, ಸಂಕಟಗಳಿಂದ ರಕ್ಷಣೆಗಾಗಿ ಬೇಡುತ್ತಾರೆ. ಆ ಕ್ಷಣದಲ್ಲಿ ನಮ್ಮ ಚಿಂತೆಯನ್ನೂ ಬಲಿಪೀಠದ ಮೇಲಿಡೋಣ.

4. ಒಬ್ಬರೇ ಸಹಿಸಿಕೊಂಡು ಕೂರುವುದು ಬೇಡ. ಗೆತ್ಸೆಮನೆ ತೋಪಿನಲ್ಲಿ ಪ್ರಭು ಯೇಸು ಸಹ ವ್ಯಾಕುಲಗೊಂಡರು, ತಮ್ಮೊಡನೆ ಎಚ್ಚರವಾಗಿರುವಂತೆ ಶಿಷ್ಯರನ್ನು ಕೇಳಿಕೊಂಡರು. ಆದ್ದರಿಂದ ವ್ಯಾಕುಲತೆ ಪಾಪವಲ್ಲ, ಅವಿಶ್ವಾಸವೂ ಅಲ್ಲ. ವಾರಗಟ್ಟಲೆ ನಿದ್ರೆ, ಊಟ ಬಿಟ್ಟುಹೋದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ಮನೆಯವರಿಗೆ ತಿಳಿಸಿ, ವೈದ್ಯರನ್ನು ಕಾಣಬೇಕು. ವೈದ್ಯರನ್ನು ಗೌರವಿಸಬೇಕೆಂದು ಸಿರಾಖನ ಗ್ರಂಥವೇ (38ನೇ ಅಧ್ಯಾಯ) ಹೇಳುತ್ತದೆ. ಮಾತ್ರೆ ಮತ್ತು ಜಪಸರ ಒಂದಕ್ಕೊಂದು ವಿರೋಧವಲ್ಲ.

ಕಾರ್ಡಿನಲ್ ಥುವಾನ್ ಅವರ ಸೆರೆಯ ಬಾಗಿಲು ತೆರೆಯಲು 13 ವರ್ಷ ಬೇಕಾಯಿತು. ಅವರ ಮನಸ್ಸು ಅದಕ್ಕಿಂತ ಬಹಳ ಮೊದಲೇ ಬಿಡುಗಡೆ ಹೊಂದಿತ್ತು. ನಮ್ಮ ಕಷ್ಟಗಳು ತಕ್ಷಣ ತೀರದಿರಬಹುದು. ಆದರೆ ಅವುಗಳ ನಡುವೆ ನಮ್ಮೊಂದಿಗೆ ಕುಳಿತಿರುವ ಪ್ರಭುವನ್ನು ಗುರುತಿಸುವ ಕೃಪೆ ನಮಗೆಲ್ಲರಿಗೂ ದೊರೆಯಲಿ.