ಮರಿಯ ಜಾತಕ ತಾಯಿಯ ರಕ್ತದಲ್ಲಿ

ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹೊರಡಿಸುವ ದರಪಟ್ಟಿಯಲ್ಲಿ ಬೆಂಗಳೂರು, ಮೈಸೂರಿನ ಜತೆ ಹೊಸಪೇಟೆಯ ಹೆಸರೂ ಇರುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳವೇ ಫಾರಂ ಕೋಳಿಯ ಆಹಾರದ ದೊಡ್ಡ ಪಾಲು. ಮೇವು ಊರಿನದೇ ಆದರೂ ಮರಿ ಮಾತ್ರ ಹ್ಯಾಚರಿಯಿಂದಲೇ ಬರಬೇಕು. ತೊಡಕು ಶುರುವಾಗುವುದೂ ಅಲ್ಲಿಯೇ.

ಮೊದಲ ಎರಡು-ಮೂರು ವಾರದಲ್ಲಿ ಮರಿಗಳು ರೆಕ್ಕೆ ಇಳಿಬಿಟ್ಟು, ಬ್ರೂಡರ್ ಬಲ್ಬಿನಡಿ ಒತ್ತೊತ್ತಾಗಿ ನಿಂತು, ಹಿಂಭಾಗಕ್ಕೆ ಬಿಳಿ ಹಿಕ್ಕೆ ಮೆತ್ತಿಕೊಂಡು ಸಾಲುಸಾಲಾಗಿ ಸಾಯುತ್ತವೆ. ಅಮೆರಿಕದ ಲಿಯೋ ರೆಟ್ಗರ್ 1900ರ ಹೊತ್ತಿಗೇ ಗುರುತಿಸಿದ ಪುಲ್ಲೋರಮ್ ರೋಗ ಇದು. ಕಾರಣ, ಸಾಲ್ಮೊನೆಲ್ಲಾ ಜಾತಿಯ ಒಂದು ಬ್ಯಾಕ್ಟೀರಿಯಾ. ಬದುಕುಳಿದ ಹೆಣ್ಣುಮರಿ ದೊಡ್ಡದಾಗಿ, ನೋಡುವವರ ಕಣ್ಣಿಗೆ ಗಟ್ಟಿಮುಟ್ಟಾಗಿಯೇ ಮೊಟ್ಟೆ ಇಡುತ್ತದೆ. ರೋಗಾಣು ಅದರ ಅಂಡಾಶಯದಲ್ಲಿ ಅಡಗಿದ್ದು ಮೊಟ್ಟೆಯೊಳಗೇ ಮರಿಗೆ ದಾಟುತ್ತದೆ. ಹ್ಯಾಚರಿಯನ್ನು ಎಷ್ಟು ತೊಳೆದರೇನು? ಪರೀಕ್ಷೆ ಆಗಬೇಕಾದದ್ದು ತಾಯಿಕೋಳಿಗೆ.

ಪರೀಕ್ಷೆ ಸರಳ. ರೆಕ್ಕೆಯಡಿಯ ರಕ್ತನಾಳ ಚುಚ್ಚಿ ಒಂದು ಹನಿ ರಕ್ತವನ್ನು ಬಿಳಿ ಹಲಗೆಯ ಮೇಲಿಟ್ಟು, ಪಕ್ಕದಲ್ಲೇ ನೇರಳೆ ಬಣ್ಣ ಹಾಕಿದ ಸತ್ತ ಬ್ಯಾಕ್ಟೀರಿಯಾಗಳ ದ್ರವ ಹನಿಸಿ ಎರಡನ್ನೂ ಕಲಸುತ್ತಾರೆ. ಹಲಗೆಯನ್ನು ಮೆಲ್ಲಗೆ ಆಡಿಸುತ್ತ ಎರಡು ನಿಮಿಷ ಕಾಯಬೇಕು. ಕೋಳಿಗೆ ಸೋಂಕು ತಗುಲಿದ್ದರೆ ದ್ರವ ಒಡೆದ ಹಾಲಿನಂತೆ ನೇರಳೆ ಹರಳುಗಟ್ಟುತ್ತದೆ. ಇಲ್ಲದಿದ್ದರೆ ಹಾಗೆಯೇ ಉಳಿಯುತ್ತದೆ. ರೋಗಾಣುವಿನ ವಿರುದ್ಧ ದೇಹ ತಯಾರಿಸಿದ, ರಕ್ತದಲ್ಲಿರುವ ಪ್ರತಿಕಾಯಗಳು ಒಂದೊಂದೂ ಒಂದಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾಗಳನ್ನು ಒಟ್ಟಿಗೆ ಹಿಡಿದು ಗಂಟು ಹಾಕುವುದೇ ಇದರ ಗುಟ್ಟು. ಈ ಬಣ್ಣದ ದ್ರವವನ್ನು ನಮ್ಮಲ್ಲಿ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ತಯಾರಿಸುತ್ತದೆ.

ಇದೇ ಬಗೆಯ ಪರೀಕ್ಷೆಯಿಂದ ರೋಗನಿರೋಧಕ ವಿಜ್ಞಾನದ ದಿಕ್ಕೇ ಬದಲಾದದ್ದೂ ಉಂಟು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ತಿಮೋತಿ ಚಾಂಗ್ ಎಂಬ ವಿದ್ಯಾರ್ಥಿ, ತರಗತಿಯಲ್ಲಿ ಪ್ರತಿಕಾಯ ತೋರಿಸಲೆಂದು ಗೆಳೆಯ ಬ್ರೂಸ್ ಗ್ಲಿಕ್‌ನ ಕೋಳಿಗಳಿಗೆ ಸಾಲ್ಮೊನೆಲ್ಲಾ ಚುಚ್ಚಿದ. ಪ್ರತಿಕಾಯವೇ ಬರಲಿಲ್ಲ! ಗುದದ್ವಾರದ ಬಳಿಯ 'ಬರ್ಸಾ' ಎಂಬ ಚೀಲವನ್ನು ಗ್ಲಿಕ್ ಮೊದಲೇ ಕತ್ತರಿಸಿ ತೆಗೆದಿದ್ದ ಕೋಳಿಗಳವು. ಪ್ರಸಿದ್ಧ ಪತ್ರಿಕೆಯೊಂದು ತಿರಸ್ಕರಿಸಿದ ಅವರ ಸಂಶೋಧನಾ ಲೇಖನ 1956ರಲ್ಲಿ 'ಪೌಲ್ಟ್ರಿ ಸೈನ್ಸ್'ನಲ್ಲಿ ಅಚ್ಚಾಯಿತು. ಪ್ರತಿಕಾಯ ತಯಾರಿಸುವ, ಇಂದು ಡಾಕ್ಟರರು ಹೇಳುವ 'ಬಿ' ಕೋಶದ ಬಿ ಆ ಬರ್ಸಾದ್ದೇ.

ಆದರೆ ಹನಿ ಹೇಳಿದ್ದನ್ನೆಲ್ಲ ನಂಬುವಂತಿಲ್ಲ. ಸೋಂಕು ತಗುಲಿ ಕೆಲವು ದಿನವಾಗುವವರೆಗೆ ರಕ್ತದಲ್ಲಿ ಸುಳಿವೇ ಇರದು. ಲಸಿಕೆ ಹಾಕಿದ ಕೋಳಿಯೂ, ಹತ್ತಿರದ ನಂಟಿನ ಬೇರೆ ಸಾಲ್ಮೊನೆಲ್ಲಾ ತಗುಲಿದ ಕೋಳಿಯೂ ಗಂಟು ತೋರಿಸುತ್ತವೆ. ಎಳೆಯ ಮರಿಯಲ್ಲಿ ಕಾಣುವುದು ತಾಯಿ ಕೊಟ್ಟ ಪ್ರತಿಕಾಯವೂ ಇರಬಹುದು. ಆದ್ದರಿಂದ ಗಂಟು ಕಂಡ ಕೋಳಿಯ ಅಂಡಾಶಯ, ಯಕೃತ್ತನ್ನು ಪ್ರಯೋಗಾಲಯಕ್ಕೆ ಕಳಿಸಿ ಜೀವಂತ ಬ್ಯಾಕ್ಟೀರಿಯಾ ಬೆಳೆಯುವುದೇ ಎಂದು ನೋಡಿದ ಮೇಲೆಯೇ ತೀರ್ಮಾನ.

ತಾಯಿ ತನ್ನ ಪ್ರತಿಕಾಯವನ್ನು ಮೊಟ್ಟೆಯ ಹಳದಿಗೂ ತುಂಬುತ್ತಾಳೆಂದು ವಿಜ್ಞಾನಿ ಕ್ಲೆಂಪರರ್ 1893ರಲ್ಲೇ ತೋರಿಸಿದ್ದ. ಹಾಗಾಗಿ ಸಾವಿರಾರು ಕೋಳಿಗಳ ಶೆಡ್ಡಿನಲ್ಲಿ ಒಂದೊಂದನ್ನೂ ಅಟ್ಟಿಸಿಕೊಂಡು ಹಿಡಿದು ರೆಕ್ಕೆ ಚುಚ್ಚಲೇಬೇಕೆಂದಿಲ್ಲ. ಟ್ರೇಯಿಂದ ಕೆಲವು ಮೊಟ್ಟೆ ಆಯ್ದು, ಹಳದಿಯನ್ನು ಪ್ರತಿಕಾಯ ಪತ್ತೆಹಚ್ಚುವ ಎಲೈಸಾ ಪರೀಕ್ಷೆಗೆ ಕೊಟ್ಟರೂ ಹಿಂಡಿನ ಸ್ಥಿತಿ ಗೊತ್ತಾಗುತ್ತದೆ.