ಶಂಕರನ ಕನಸಿಗೆ ಮನೆ ಕಟ್ಟಿದಾಕೆ

ಗಣಪ ನೀರಿಗೆ ಹೋದ ಮೇಲೆ ನಮ್ಮ ಯಲಬುರ್ಗಾ, ಕುಷ್ಟಗಿ ಸೀಮೆಯ ಹಳ್ಳಿಗಳಿಗೆ ಜೋಕುಮಾರ ಬರುತ್ತಾನೆ. ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕೂತು, ತುಟಿಗೆ ಬೆಣ್ಣೆ ಮೆತ್ತಿಕೊಂಡು, ಹೆಣ್ಣುಮಕ್ಕಳ ತಲೆಯೇರಿ ಮನೆಮನೆ ತಿರುಗುವ ಮಣ್ಣಿನ ಹುಡುಗ. ಅವನ ಆಯುಷ್ಯ ಏಳೇ ದಿನ. ಮಳೆ ತರುವ ಹುಡುಗನೆಂದು ಅವನನ್ನು ಹಾಡಿ ಕುಣಿಸಿದ ಹೆಂಗಸರೇ ಹುಣ್ಣಿಮೆಯ ಹೊತ್ತಿಗೆ ಅವನಿಗಾಗಿ ಅಳುತ್ತಾರೆ.

ಶಂಕರನಾಗ್ ಕೊನೆಯ ಸಲ ಮನೆ ಬಿಟ್ಟು ಹೊರಟಿದ್ದು ‘ಜೋಕುಮಾರಸ್ವಾಮಿ’ ಎಂಬ ಚಿತ್ರದ ಚಿತ್ರೀಕರಣಕ್ಕೆಂದೇ, ಉತ್ತರ ಕರ್ನಾಟಕದ ಕಡೆಗೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತಕ್ಕೀಡಾಯಿತು. ಆತನಿಗೆ ಇನ್ನೂ 36 ತುಂಬಿರಲಿಲ್ಲ. ಅದೇ ಕಾರಿನಲ್ಲಿದ್ದ ಪತ್ನಿ ಅರುಂಧತಿ ಮತ್ತು ಪುಟ್ಟ ಮಗಳು ಕಾವ್ಯ ಬದುಕುಳಿದರು.

ಅಭಿಮಾನಿಗಳ ಶಂಕರನಾಗ್ ಬೇರೆ. ‘ಆಟೋರಾಜ’ ತೆರೆಗೆ ಬಂದಿದ್ದು 1980ರಲ್ಲಿ. ಇಂದಿಗೂ ಗಂಗಾವತಿಯಿಂದ ಬೆಂಗಳೂರಿನವರೆಗೆ ಆಟೋ ಚಾಲಕರಿಗೆ ಆತ ಮನೆಮಗನಿದ್ದಂತೆ. ಆದರೆ ಮನೆಯವರಿಗೆ ಸಿಕ್ಕ ಶಂಕರ, ಒಂದು ಕಡೆ ಕೂರಲಾರದ ಮನುಷ್ಯ. ಹೊನ್ನಾವರದ ಹತ್ತಿರದ ಮಲ್ಲಾಪುರದಲ್ಲಿ ಹುಟ್ಟಿ, ಮುಂಬೈಗೆ ಹೋಗಿ, ಬ್ಯಾಂಕಿನ ಕೆಲಸ ಹಿಡಿದು, ಅದರ ಜೊತೆಗೇ ಮರಾಠಿ ರಂಗಭೂಮಿಯ ಹುಚ್ಚು ಹತ್ತಿಸಿಕೊಂಡವನು. ಅರುಂಧತಿ ಸಿಕ್ಕಿದ್ದೂ ಅಲ್ಲಿನ ನಾಟಕದ ಬಳಗದಲ್ಲೇ. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರ ಆತನನ್ನು ಕನ್ನಡಕ್ಕೆ ಎಳೆದು ತಂದಿತು. ಆಮೇಲಿನ 12 ವರ್ಷಗಳಲ್ಲಿ 80ಕ್ಕೂ ಹೆಚ್ಚು ಚಿತ್ರಗಳು!

ಅಷ್ಟಕ್ಕೇ ತೃಪ್ತನಾಗುವ ಆಸಾಮಿಯೇ? ಹೊಡೆದಾಟದ ಚಿತ್ರಗಳಲ್ಲಿ ದುಡಿದದ್ದನ್ನು ‘ಮಿಂಚಿನ ಓಟ’, ‘ಆಕ್ಸಿಡೆಂಟ್’ನಂಥ ಚಿತ್ರಗಳಿಗೆ, ನಾಟಕಗಳಿಗೆ ಸುರಿದ. ಆಗುಂಬೆಯನ್ನು ಆರ್. ಕೆ. ನಾರಾಯಣ್ ಅವರ ಮಾಲ್ಗುಡಿಯಾಗಿಸಿ ದೇಶವನ್ನೆಲ್ಲ ದೂರದರ್ಶನದ ಮುಂದೆ ಕೂರಿಸಿದ. ನಂದಿಬೆಟ್ಟಕ್ಕೆ ರೋಪ್‌ವೇ, ಬೆಂಗಳೂರಿಗೆ ಮೆಟ್ರೊ ಎಂದೆಲ್ಲ ಓಡಾಡಿದ. ಇಂಥವನನ್ನು ಪ್ರೀತಿಸುವುದು ಸುಲಭ. ಇಂಥವನ ಜೊತೆ ಸಂಸಾರ ಮಾಡುವುದು ಹೇಗೆ ಎಂಬುದನ್ನು ಯಾವ ಅಭಿಮಾನಿಯೂ ಯೋಚಿಸುವುದಿಲ್ಲ. ಅರುಂಧತಿ ಹಿಂದೆ ನಿಂತು ನೋಡಲಿಲ್ಲ, ಜೊತೆಗೇ ಓಡಿದರು. ಮರಾಠಿ, ಗುಜರಾತಿ, ಹಿಂದಿ ರಂಗಭೂಮಿಯಲ್ಲಿ ಹೆಸರು ಮಾಡಿದ್ದಾಕೆ ಇಲ್ಲಿ ಬಂದು ಕನ್ನಡ ಕಲಿತರು. ಗಂಡ ಹೆಂಡತಿ ಸೇರಿ ‘ಸಂಕೇತ್’ ನಾಟಕ ತಂಡ ಕಟ್ಟಿದರು.

ಆ ದಿನಗಳಲ್ಲೇ ಚಿಗುರಿದ್ದು ಒಂದು ಆಸೆ: ನಾಟಕಕ್ಕೆಂದೇ ಒಂದು ಒಳ್ಳೆಯ ರಂಗಮಂದಿರ, ಬಡ ತಂಡಗಳ ಕೈಗೂ ಎಟುಕುವಂಥದ್ದು. ಅಪಘಾತದ ನಂತರ ಆ ಆಸೆ ಅರುಂಧತಿಯವರ ಪಾಲಿಗೆ ಉಳಿಯಿತು. ಮೈಗಾದ ಗಾಯ ಮಾಯಬೇಕಿತ್ತು, ಅಪ್ಪನಿಲ್ಲದ ಮಗಳನ್ನು ಬೆಳೆಸಬೇಕಿತ್ತು. ಅದರ ನಡುವೆ ಟ್ರಸ್ಟ್ ಕಟ್ಟುವುದು, ಜಾಗ ಕೇಳುವುದು, ಕಂಡವರ ಮುಂದೆ ಕೈಚಾಚುವುದು. ದಿನ ಕಳೆದಂತೆ ಜನ ಮರೆಯುತ್ತಾರೆ ಎನ್ನುತ್ತೇವಲ್ಲ, ಈಕೆ ಜನರಿಗೆ ಮರೆಯಲು ಬಿಡಲಿಲ್ಲ ಎನ್ನಬೇಕು. ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ರಂಗಶಂಕರ’ ಬಾಗಿಲು ತೆರೆದದ್ದು 2004ರ ಅಕ್ಟೋಬರ್‌ನಲ್ಲಿ. ಅಂದರೆ 14 ವರ್ಷ. ಮನೆಯಲ್ಲಿ ಮಗುವಾಗಿದ್ದವಳು ಅಷ್ಟರಲ್ಲಿ ದೊಡ್ಡವಳಾಗಿದ್ದಳು.

ಮರು ವರ್ಷ, 2005ರಲ್ಲಿ, ‘ಜೋಗಿ’ ಬಂತು. ಕಳೆದುಹೋದ ಮಗನನ್ನು ಹುಡುಕಿಕೊಂಡು ಬೆಂಗಳೂರಿನಲ್ಲಿ ಅಲೆಯುವ ಹಳ್ಳಿಯ ತಾಯಿಯಾಗಿ ಅರುಂಧತಿ. ಚಿತ್ರಮಂದಿರಗಳಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡ ನಮ್ಮ ಕಡೆಯ ತಾಯಂದಿರಲ್ಲಿ ಎಷ್ಟೋ ಮಂದಿಗೆ ಆಕೆ ‘ಆಟೋರಾಜ’ನ ಹೆಂಡತಿ ಎಂಬುದು ತಿಳಿದಿತ್ತೋ ಇಲ್ಲವೋ. ಮುಂದೆ ಹಿಂದಿಯ ‘ಪಾ’ ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ, 2010ರಲ್ಲಿ ಪದ್ಮಶ್ರೀ. ಅವೆಲ್ಲ ಇರಲಿ. ಅಣ್ಣ ಅನಂತನಾಗ್ ‘ನನ್ನ ತಮ್ಮ ಶಂಕರ’ ಎಂಬ ಪುಸ್ತಕ ಬರೆದು ತಮ್ಮನನ್ನು ನೆನೆದರು. ಹೆಂಡತಿ ನೆನೆದದ್ದು ಗಾರೆ, ಇಟ್ಟಿಗೆ, ದೀಪಗಳಲ್ಲಿ.

ಈ ಕಡೆಯಿಂದ ಬೆಂಗಳೂರಿಗೆ ಹೋದವರು ಒಂದು ಸಂಜೆ ರಂಗಶಂಕರಕ್ಕೆ ಹೋಗಿಬನ್ನಿ. ನಾಟಕ ತುಂಬ ದೊಡ್ಡದಾಗಿರಬೇಕೆಂದಿಲ್ಲ, ನಟರ ಹೆಸರು ಗೊತ್ತಿರಬೇಕೆಂದೂ ಇಲ್ಲ. ಆದರೆ ಹೊತ್ತಿಗೆ ಮುಂಚೆ ಹೋಗಿ. ಆಟ ಶುರುವಾಯಿತೆಂದರೆ ಬಾಗಿಲು ಹಾಕುತ್ತಾರೆ. ತಡವಾಗಿ ಬಂದವರು ಎಷ್ಟೇ ದೊಡ್ಡವರಾಗಲಿ, ಒಳಗೆ ಬಿಡುವುದಿಲ್ಲ.